ಮೂರಡಿ ಮೇಜು: ಗಡಿನಾಡಿನ ಹಾಡುಗಾರರ ಅಂಗಿ, ಪುಸ್ತಕ ಮತ್ತು ತೆರಿಗೆಯ ಲೆಕ್ಕ



ಕಳೆದ ನವೆಂಬರಿನ ರಾಜ್ಯೋತ್ಸವ ಕಾರ್ಯಕ್ರಮದ ವರದಿಯನ್ನು ಇದೇ ಪುಟದಲ್ಲಿ ಪ್ರಕಟಿಸಿದ್ದೆವು. ಅತಿಥಿಗಳ ಹೆಸರು, ಸನ್ಮಾನಿತರ ಪಟ್ಟಿ, ಊಟದ ವ್ಯವಸ್ಥೆ ಮಾಡಿದ ದಾನಿಗಳು, ಎಲ್ಲವೂ ಅದರಲ್ಲಿತ್ತು. ಒಂದು ಸಂಗತಿಯನ್ನು ಮಾತ್ರ ನಾವು ಬರೆದಿರಲಿಲ್ಲ. ಅಂದು ಕೊನೆಯಲ್ಲಿ ಹಾಡಿದ ನಮ್ಮೂರಿನ ಐವರು ಯುವಕ ಯುವತಿಯರ ತಂಡ ಸಭಾಂಗಣದ ಬಾಗಿಲ ಬಳಿ ಒಂದು ಸಣ್ಣ ಮೇಜು ಹಾಕಿತ್ತು. ಅದರ ಮೇಲೆ ತಂಡದ ಹೆಸರಿದ್ದ ಟೀ ಶರ್ಟುಗಳು, ಅವರೇ ಬರೆದ ಹಾಡುಗಳ ಪುಸ್ತಕ ಇದ್ದವು. ಕಾರ್ಯಕ್ರಮ ಶುರುವಾಗುವ ಮೊದಲು ನಾವೇ ಹೋಗಿ ಆ ಮೇಜನ್ನು ತೆಗೆಸಿದೆವು. "ಇದು ಕನ್ನಡದ ಹಬ್ಬ, ಸಂತೆ ಅಲ್ಲ" ಎಂದು ಹೇಳಿದ್ದೂ ನಾವೇ.

ಹಾಡು ಚೆನ್ನಾಗಿಯೇ ಆಯಿತು. ಐವರಿಗೂ ಶಾಲು ಹೊದಿಸಿ ನೆನಪಿನ ಕಾಣಿಕೆ ಕೊಟ್ಟೆವು. ಗೌರವಧನ ಕೊಡುವಷ್ಟು ನಿಧಿ ಸಂಘದಲ್ಲಿ ಇರಲಿಲ್ಲ. ಮರುದಿನ ಧ್ವನಿವರ್ಧಕದ ರಶೀದಿ ಕೊಡಲು ಕಚೇರಿಗೆ ಬಂದ ತಂಡದ ಹಾಡುಗಾರ್ತಿ ಹೋಗುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರು: "ಶಾಲು ಹೊದಿಸಿದ್ದು ಸಂತೋಷ ಸರ್. ಮೂರಡಿ ಜಾಗ ಕೊಟ್ಟಿದ್ದರೆ ಡ್ರಮ್ಮು ತಂದ ಆಟೋದ ಬಾಡಿಗೆಯಾದರೂ ಹುಟ್ಟುತ್ತಿತ್ತು."

ಮೂರು ದಶಕ ಗುಮಾಸ್ತಿಕೆ ಮಾಡಿದ ನಮಗೆ ಭಾಷಣಕ್ಕಿಂತ ಲೆಕ್ಕ ಬೇಗ ತಲೆಗೆ ಹೋಗುತ್ತದೆ. ಹಾಗಾಗಿ ಆ ತಂಡದ ಲೆಕ್ಕದ ಪುಸ್ತಕ ತರಿಸಿ ನೋಡಿದೆವು. ತೆರಿಗೆಯ ನಿಯಮಗಳನ್ನೂ ಓದಿದೆವು. ಓದಿದ ಮೇಲೆ ತಿಳಿದದ್ದು ಇಷ್ಟು: ಇಂದು ಸ್ವಂತ ಹಾಡು ಕಟ್ಟುವವರು ಬದುಕುವುದು ಹಾಡಿನಿಂದಲ್ಲ, ಹಾಡಿನ ಜೊತೆ ಮಾರುವ ವಸ್ತುಗಳಿಂದ. ಆ ಮಾರಾಟಕ್ಕೆ ಬೇರೆ ಯಾರಿಗೂ ಇಲ್ಲದ ಒಂದು ಅಡ್ಡಿ ಗಡಿನಾಡಿನವರಾದ ನಮಗೆ ಇದೆ. ಕಾಸರಗೋಡಿನಿಂದ ಜತ್ತಿನವರೆಗೆ, ಹೊಸೂರಿನಿಂದ ಆದೋನಿಯವರೆಗೆ ನಮ್ಮ ಎಲ್ಲ ಊರುಗಳಲ್ಲೂ ಹಾಡುವ ಮಕ್ಕಳಿದ್ದಾರೆ. ಆದ್ದರಿಂದ ಈ ವಿಷಯವನ್ನು ಎಲ್ಲರ ಮುಂದೆ ಇಡುತ್ತಿದ್ದೇವೆ.

ಕೇಳುವವರಿದ್ದಾರೆ, ಹಣ ಬರುವುದಿಲ್ಲ

ಹಾಡನ್ನು ಮೊಬೈಲಿನಲ್ಲಿ ಸಾವಿರಾರು ಜನ ಕೇಳುತ್ತಾರಲ್ಲ, ಅದರಿಂದ ದುಡ್ಡು ಬರುವುದಿಲ್ಲವೇ ಎಂದು ನಮ್ಮ ಖಜಾಂಚಿಯವರು ಕೇಳಿದರು. ನಾವೂ ಹಾಗೆಯೇ ತಿಳಿದಿದ್ದೆವು. ಸ್ಪಾಟಿಫೈ ಸಂಸ್ಥೆ 2024ರಿಂದ ಒಂದು ನಿಯಮ ಮಾಡಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಧನವೇ ಇಲ್ಲ. ನಮ್ಮ ತಂಡದ ಆರು ಹಾಡುಗಳಲ್ಲಿ ನಾಲ್ಕು ಆ ಅಂಕೆಯನ್ನು ದಾಟಿಲ್ಲ. ದಾಟಿದ ಎರಡರಿಂದ ಬಂದದ್ದನ್ನು ಐವರಿಗೆ ಹಂಚಿದರೆ ಒಬ್ಬೊಬ್ಬರಿಗೆ ಒಂದು ಊಟದ ಖರ್ಚೂ ಆಗುವುದಿಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಇರಬೇಕು. ಜೊತೆಗೆ 12 ತಿಂಗಳಲ್ಲಿ ಜನ ಒಟ್ಟು 4,000 ಗಂಟೆ ನೋಡಿರಬೇಕು, ಅಥವಾ 90 ದಿನಗಳಲ್ಲಿ ಕಿರು ವಿಡಿಯೋಗಳು 1 ಕೋಟಿ ಸಲ ನೋಡಿಸಿಕೊಂಡಿರಬೇಕು. ಗಡಿಯ ಒಂದು ಸಣ್ಣ ಪೇಟೆಯಲ್ಲಿ ಕುಳಿತು, ಇಲ್ಲಿನ ಬದುಕಿನ ಬಗ್ಗೆ, ಇಲ್ಲಿನ ಕನ್ನಡದಲ್ಲಿ ಹಾಡುವವರಿಗೆ ಇದು ದೂರದ ಬೆಟ್ಟ.

ಆದ್ದರಿಂದ ಈ ಕಾಲದ ಸ್ವತಂತ್ರ ಹಾಡುಗಾರರು ವಸ್ತುಗಳ ಕಡೆಗೆ ತಿರುಗಿದ್ದಾರೆ. ಟೀ ಶರ್ಟು, ಬಟ್ಟೆಚೀಲ, ಪೋಸ್ಟರು, ಸ್ಟಿಕ್ಕರು, ಕಾಫಿ ಲೋಟ, ಹಾಡಿನ ಪುಸ್ತಕ ಇತ್ಯಾದಿ. ಇವನ್ನೆಲ್ಲ ಸೇರಿಸಿ ಹುಡುಗರು 'ಮರ್ಚ್' ಎನ್ನುತ್ತಾರೆ. ಹಾಡನ್ನು ಪುಕ್ಕಟೆಯಾಗಿ ಕೇಳಿದವರು, ಇಷ್ಟವಾದರೆ, ನಾನೂರು ರೂಪಾಯಿಯ ಅಂಗಿ ಕೊಳ್ಳುತ್ತಾರೆ. ಒಂದು ಅಂಗಿಯಲ್ಲಿ ಉಳಿಯುವ ನೂರೈವತ್ತು ರೂಪಾಯಿ ಮೊಬೈಲಿನಲ್ಲಿ ಬರಬೇಕಾದರೆ ಎಷ್ಟು ಸಾವಿರ ಸಲ ಹಾಡು ಓಡಬೇಕೋ!

ಇದು ಹೊಸ ಕಾಲದ ಹುಚ್ಚು ಎಂದು ನಮ್ಮಂತಹ ಹಿರಿಯರು ಮೂಗು ಮುರಿಯುವ ಮೊದಲು ಹಿಂದಿನದನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ನಾಟಕ ಕಂಪೆನಿಗಳು ಟೆಂಟಿನ ಬಾಗಿಲಲ್ಲಿ ನಾಟಕದ ಹಾಡುಗಳ ಪುಸ್ತಕ ಮಾರುತ್ತಿದ್ದವು. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಾವು ಯಕ್ಷಗಾನದ ಪ್ರಸಂಗ ಪುಸ್ತಕಗಳನ್ನು ಕೊಂಡು, ಆಟ ನೋಡುತ್ತ ಪದ್ಯ ಹುಡುಕುತ್ತ ಬೆಳೆದವರು. ಆಮೇಲೆ ತಾಳಮದ್ದಳೆಯ ಕ್ಯಾಸೆಟ್ಟುಗಳು ಬಂದವು. ನಮ್ಮ ಕಪಾಟಿನಲ್ಲಿ ಅವು ಈಗಲೂ ಇವೆ. ಅವನ್ನು ಕೊಂಡಾಗ ನಮಗೆ ಸಂತೆ ಅನ್ನಿಸಲಿಲ್ಲ.

ಹೊರದೇಶಗಳಲ್ಲಿ ಈ ಮೇಜಿನ ವಿಷಯಕ್ಕೆ ದೊಡ್ಡ ಜಗಳವೇ ನಡೆದಿದೆ. ಅಲ್ಲಿನ ಎಷ್ಟೋ ಸಭಾಂಗಣಗಳು ಹಾಡುಗಾರರು ಮಾರಿದ ವಸ್ತುಗಳ ಹಣದಲ್ಲಿ ಪಾಲು ಕೀಳುತ್ತವೆ. ಇದನ್ನು ವಿರೋಧಿಸಿ ಬ್ರಿಟನ್ನಿನ ಕಲಾವಿದರ ಒಕ್ಕೂಟ 2022ರಲ್ಲಿ, ಪಾಲು ಕೇಳದ ಸಭಾಂಗಣಗಳ ಪಟ್ಟಿಯನ್ನು ತಯಾರಿಸಿ ಬಹಿರಂಗಪಡಿಸಿತು. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೈವ್ ನೇಷನ್ ಎಂಬ ದೈತ್ಯ ಸಂಸ್ಥೆಯೂ ತನ್ನ ಸಣ್ಣ ಕ್ಲಬ್ಬುಗಳಲ್ಲಿ ಪಾಲು ಪಡೆಯುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಅಲ್ಲಿಯವರು ಪಾಲು ಕೇಳಿದರು. ನಾವು ಮೇಜನ್ನೇ ಎತ್ತಿಸಿದೆವು.

ನೋಟ್‌ಬುಕ್ಕಿನ ಲೆಕ್ಕ

ತಂಡದವರ ಅನುಮತಿ ಪಡೆದು ಅವರ ಲೆಕ್ಕವನ್ನು ಇಲ್ಲಿ ಕೊಡುತ್ತಿದ್ದೇವೆ. ನಿಮ್ಮ ಊರಿನ ಮಕ್ಕಳಿಗೆ ಉಪಯೋಗವಾದೀತು.

ಮೊದಲ ಸಲ ಅವರು 60 ಅಂಗಿ ಮುದ್ರಿಸಿದರು. ಒಂದಕ್ಕೆ 240 ರೂಪಾಯಿಯಂತೆ 14,400 ರೂಪಾಯಿ ಖರ್ಚು. 400 ರೂಪಾಯಿಗೆ ಒಂದರಂತೆ 34 ಹೋದವು, ಬಂದದ್ದು 13,600. ಎಂಟುನೂರು ರೂಪಾಯಿ ನಷ್ಟ, 26 ಅಂಗಿ ಮಂಚದ ಅಡಿಯಲ್ಲಿ. ಕಾರಣ ಎರಡು. ಒಂದು, ಅಳತೆಯ ಅಂದಾಜು ತಪ್ಪಿತು. ಎಲ್ಲ ಅಳತೆಯಲ್ಲೂ ಒಂದೇ ಸಂಖ್ಯೆ ಮುದ್ರಿಸಿದ್ದರಿಂದ ನಡುವಿನ ಅಳತೆಗಳು ಬೇಗ ಖಾಲಿಯಾಗಿ, ತೀರ ಸಣ್ಣದೂ ತೀರ ದೊಡ್ಡದೂ ಉಳಿದವು. ಎರಡನೆಯದು ನಮಗೆಲ್ಲ ಪರಿಚಯದ ಕಷ್ಟ. ಅಂಗಿಯ ಮೇಲೆ 'ಹುಟ್ಟೂರು' ಎಂದು ಇರಬೇಕಿತ್ತು. ಕನ್ನಡ ಓದಲು ಬಾರದ ಮುದ್ರಕರ ಕಂಪ್ಯೂಟರಿನಲ್ಲಿ ಒತ್ತಕ್ಷರ ಬಿಚ್ಚಿಕೊಂಡು 'ಹುಟ್‌ಟೂರು' ಎಂದು ಅಚ್ಚಾಯಿತು. ಬೇರೆ ಭಾಷೆಯವರಿಗೆ ವ್ಯತ್ಯಾಸ ಕಾಣಲಿಲ್ಲ. ಕನ್ನಡದವರು ನೋಡಿ ನಕ್ಕು ಕೆಳಗಿಟ್ಟರು.

ಎರಡನೇ ಸಲ ಮೊದಲೇ ಹೆಸರು, ಅಳತೆ ಬರೆಸಿಕೊಂಡು, ಯುಪಿಐಯಲ್ಲಿ ಹಣ ಪಡೆದು, 42 ಜನ ಖಚಿತವಾದ ಮೇಲೆ 45 ಮುದ್ರಿಸಿದರು. ಒಂದಕ್ಕೆ 250ರಂತೆ ಖರ್ಚು 11,250. ಹೆಚ್ಚಿನ ಮೂರೂ ಸೇರಿ ಎಲ್ಲ ಹೋಗಿ ಬಂದದ್ದು 18,000. ಉಳಿದದ್ದು 6,750, ತಲೆಗೆ 1,350 ರೂಪಾಯಿ. ಈ ಸಲ ಅಕ್ಷರಗಳನ್ನು ಬರಹವಾಗಿ ಕಳಿಸದೆ, ಚಿತ್ರವಾಗಿ ಪರಿವರ್ತಿಸಿ ಕಳಿಸಿದ್ದರಿಂದ ಒತ್ತು ತನ್ನ ಜಾಗದಲ್ಲೇ ನಿಂತಿತು. ತಿರುಪ್ಪೂರಿನಲ್ಲಿ, ಕೊಚ್ಚಿಯಲ್ಲಿ, ಸೊಲ್ಲಾಪುರದಲ್ಲಿ ಅಚ್ಚು ಹಾಕಿಸುವವರು ಇದೊಂದನ್ನು ಮರೆಯಬಾರದು. ಪೂರ್ತಿ ಮುದ್ರಣಕ್ಕೆ ಮೊದಲು ಒಂದು ಮಾದರಿ ತರಿಸಿ ಕನ್ನಡ ಬಲ್ಲ ಇಬ್ಬರಿಗೆ ತೋರಿಸಬೇಕು.

ಹಾಡಿನ ಪುಸ್ತಕ 48 ಪುಟದ್ದು. 200 ಪ್ರತಿಗೆ 28 ರೂಪಾಯಿಯಂತೆ 5,600 ಖರ್ಚು. 60 ರೂಪಾಯಿಗೆ 130 ಪ್ರತಿ ಮಾರಾಟವಾಗಿ 7,800 ಬಂತು. 70 ಪ್ರತಿ ಇನ್ನೂ ಇವೆ. ಪುಸ್ತಕಕ್ಕೆ ಅಳತೆಯಿಲ್ಲ, ಬಣ್ಣ ಮಾಸುವುದಿಲ್ಲ. ಪ್ರತಿ ಹಾಡಿನ ಕೆಳಗೆ ಕ್ಯೂಆರ್ ಕೋಡ್ ಇದೆ, ಮೊಬೈಲ್ ಹಿಡಿದರೆ ಹಾಡು ಕೇಳುತ್ತದೆ. ಕನ್ನಡ ಶಾಲೆ ಬಿಟ್ಟು ಬೇರೆ ಮಾಧ್ಯಮಕ್ಕೆ ಹೋದ ನಮ್ಮ ಮೊಮ್ಮಕ್ಕಳು ಹಾಡು ಕೇಳುತ್ತ ಅಕ್ಷರ ಗುರುತಿಸುವುದಕ್ಕೂ ಇದು ಆಗುತ್ತದೆ.

ಇನ್ನೊಂದು ಸಂಗತಿ: ಹಣವೆಲ್ಲ ಒಬ್ಬ ಹುಡುಗನ ಖಾತೆಗೆ ಬೀಳುತ್ತಿತ್ತು. ಐವರ ಸಹಿ ಇರುವ ಒಂದು ಪುಸ್ತಕ ಇಡಿ, ತಿಂಗಳಿಗೊಮ್ಮೆ ತಾಳೆ ನೋಡಿ ಎಂದು ಹೇಳಿದ್ದೇವೆ. ಸ್ನೇಹ ಕೆಡುವುದು ಹಾಡಿನ ವಿಷಯಕ್ಕಲ್ಲ, ಬರೆದಿಡದ ಲೆಕ್ಕದ ವಿಷಯಕ್ಕೆ.

ತಲಪಾಡಿಯ ಆಚೆ

ಇನ್ನು ಅಡ್ಡಿಯ ವಿಷಯಕ್ಕೆ ಬರೋಣ. ಈ ತಂಡಕ್ಕೆ ಅತಿ ಹೆಚ್ಚು ಬೇಡಿಕೆ ಬಂದದ್ದು ಮಂಗಳೂರಿನಿಂದ, ಪುತ್ತೂರಿನಿಂದ, ಬೆಂಗಳೂರಿನಿಂದ. ಅದು ಸಹಜ. ಕನ್ನಡ ಹಾಡು ಕೇಳುವವರು ಅಲ್ಲಿಯೇ ಹೆಚ್ಚು. ಅಂಗಿಯನ್ನು ಕೊರಿಯರಿನಲ್ಲಿ ಕಳಿಸೋಣ ಎಂದು ಹೊರಟಾಗ ಯಾರೋ "ಜಿಎಸ್‌ಟಿ ಉಂಟಾ?" ಎಂದು ಕೇಳಿದರಂತೆ. ಅಲ್ಲಿಗೆ ನಿಂತಿತು.

ನಿಯಮ ಹೀಗಿದೆ. ಸರಕು ಮಾತ್ರ ಮಾರುವವರು ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಮಾಡಬೇಕಾಗಿಲ್ಲ. ತೆಲಂಗಾಣದಲ್ಲಿ ಈ ಮಿತಿ 20 ಲಕ್ಷ. ಹಾಡಿ ಸಂಭಾವನೆಯನ್ನೂ ಪಡೆಯುವವರಿಗೆ, ಸೇವೆ ಸೇರುವುದರಿಂದ, 20 ಲಕ್ಷ ಎಂದೇ ತಿಳಿಯಬೇಕು. ನಮ್ಮ ಮಕ್ಕಳ ವಹಿವಾಟು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಜಿಎಸ್‌ಟಿ ಕಾಯ್ದೆಯ 24ನೇ ಕಲಮಿನ ಪ್ರಕಾರ, ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ ಈ ಮಿತಿ ಇಲ್ಲವೇ ಇಲ್ಲ. ಒಂದೇ ಒಂದು ಅಂಗಿಯಾದರೂ ನೋಂದಣಿ ಕಡ್ಡಾಯ. ನೋಂದಣಿ ಇಲ್ಲದೆ ಮಾರಿ ಸಿಕ್ಕಿಬಿದ್ದರೆ 10,000 ರೂಪಾಯಿ ಅಥವಾ ತಪ್ಪಿಸಿದ ತೆರಿಗೆ, ಯಾವುದು ಹೆಚ್ಚೋ ಅಷ್ಟು ದಂಡ.

ಇದರ ಅರ್ಥವನ್ನು ನಮ್ಮ ಊರುಗಳ ಮೇಲಿಟ್ಟು ನೋಡಿ. ಪುತ್ತೂರಿನ ಹಾಡುಗಾರ ಬೀದರಿನವರೆಗೆ, ಇಡೀ ಕರ್ನಾಟಕಕ್ಕೆ ಅಂಗಿ ಕಳಿಸಬಹುದು, ನೋಂದಣಿ ಬೇಡ. ಮಂಜೇಶ್ವರದ ಹಾಡುಗಾರ ತಲಪಾಡಿ ದಾಟಿ ಒಂದು ಅಂಗಿ ಕಳಿಸಿದರೆ ನೋಂದಣಿ ಬೇಕು. ಹೊಸೂರಿನವರಿಗೆ ಅತ್ತಿಬೆಲೆ, ತಾಳವಾಡಿಯವರಿಗೆ ಚಾಮರಾಜನಗರ, ಜತ್ತಿನವರಿಗೆ ವಿಜಯಪುರ, ಅಕ್ಕಲಕೋಟೆಯವರಿಗೆ ಆಳಂದ, ರಾಯದುರ್ಗದವರಿಗೆ ಬಳ್ಳಾರಿ, ಮಡಕಶಿರಾದವರಿಗೆ ಪಾವಗಡ, ಎಲ್ಲವೂ ತೆರಿಗೆಯ ಲೆಕ್ಕದಲ್ಲಿ ಪರರಾಜ್ಯ. ಕನ್ನಡದ ಗಿರಾಕಿ ಇರುವುದು ಗೆರೆಯ ಆಚೆ, ಕನ್ನಡದ ಹಾಡುಗಾರ ಇರುವುದು ಗೆರೆಯ ಈಚೆ.

ಅಂಗಿಗಳನ್ನು ಚೀಲದಲ್ಲಿ ತುಂಬಿ ಮಂಗಳೂರಿಗೇ ಹೋಗಿ, ಹಾಡಿ, ಅಲ್ಲೇ ಮೇಜು ಹಾಕಿ ಮಾರಿದರೆ? ಅದಕ್ಕೂ 'ತಾತ್ಕಾಲಿಕ ತೆರಿಗೆದಾರ' ಎಂಬ ನೋಂದಣಿ ಬೇಕು. ಕನಿಷ್ಠ ಐದು ದಿನ ಮೊದಲು ಅರ್ಜಿ ಹಾಕಿ, ಅಂದಾಜು ತೆರಿಗೆಯನ್ನು ಮುಂಗಡ ಕಟ್ಟಬೇಕು.

ಹಾಡುವುದಕ್ಕೆ ಮಾತ್ರ ಈ ತೊಂದರೆ ಇಲ್ಲ. ಸೇವೆಯನ್ನು ಬೇರೆ ರಾಜ್ಯಕ್ಕೆ ಒದಗಿಸುವ ಸಣ್ಣವರಿಗೆ 2017ರ ಅಕ್ಟೋಬರಿನಲ್ಲಿಯೇ 20 ಲಕ್ಷದವರೆಗೆ ವಿನಾಯಿತಿ ಕೊಡಲಾಗಿದೆ. ಅಂದರೆ ನಮ್ಮ ಹುಡುಗಿ ಮಂಗಳೂರಿನಲ್ಲಿ ಹಾಡಿ ಸಂಭಾವನೆ ಪಡೆಯಬಹುದು. ಅದೇ ವೇದಿಕೆಯ ಕೆಳಗೆ ಒಂದು ಅಂಗಿ ಮಾರಿದರೆ ತಪ್ಪು. ಹಾಡನ್ನು ಫೈಲಾಗಿ ಮೊಬೈಲಿಗೆ ಕಳಿಸಿ ಹಣ ಪಡೆದರೆ ಅದು ಸೇವೆ, ತೊಂದರೆ ಇಲ್ಲ. ಅದೇ ಹಾಡನ್ನು ಪೆನ್‌ಡ್ರೈವಿನಲ್ಲಿ ಹಾಕಿ ಅಂಚೆಯಲ್ಲಿ ಕಳಿಸಿದರೆ ಅದು ಸರಕು, ನೋಂದಣಿ ಬೇಕು.

1956ರ ನವೆಂಬರ್ 1ರಂದು ಎಳೆದ ಗೆರೆಯ ಬಗ್ಗೆ, 1967ರ ಮಹಾಜನ್ ವರದಿಯ ಬಗ್ಗೆ ನಮ್ಮ ಸಂಘಗಳು ಇಷ್ಟು ವರ್ಷ ಮಾತಾಡಿವೆ, ಮನವಿ ಕೊಟ್ಟಿವೆ. ಅದೇ 1956ರಲ್ಲಿ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯೂ ಬಂದಿತ್ತು. ಆದ್ದರಿಂದ ರಾಜ್ಯದಿಂದ ರಾಜ್ಯಕ್ಕೆ ಮಾರುವುದರ ಮೇಲಿನ ಕಣ್ಣು ಹೊಸತಲ್ಲ. ಆಗ ಸಂಚಿಯಲ್ಲಿ ಹತ್ತು ಕ್ಯಾಸೆಟ್ ಹೊತ್ತು ಬಸ್ಸು ಹತ್ತಿದವರನ್ನು ಯಾರೂ ಕೇಳುತ್ತಿರಲಿಲ್ಲ. ಈಗ ಕೊರಿಯರಿನವರು ಬಿಲ್ಲು ಕೇಳುತ್ತಾರೆ, ಹಣ ಬಂದದ್ದು ಮೊಬೈಲಿನಲ್ಲಿ ದಾಖಲಾಗುತ್ತದೆ. ಕದ್ದುಮುಚ್ಚಿ ಮಾಡುವ ಕಾಲ ಮುಗಿಯಿತು. ಹಾಗೆ ಮಾಡಿರೆಂದು ಮಕ್ಕಳಿಗೆ ಹೇಳುವುದೂ ಸರಿಯಲ್ಲ.

ನ್ಯಾಯವಾಗಿ ದಾಟುವ ದಾರಿಗಳು

ನಿಯಮಗಳನ್ನು ಓದುತ್ತ ಹೋದಾಗ ಐದು ದಾರಿ ಕಂಡವು. ಕೈ ಹಾಕುವ ಮೊದಲು ನಿಮ್ಮ ಊರಿನ ತೆರಿಗೆ ಸಲಹೆಗಾರರಿಗೆ ಒಮ್ಮೆ ತೋರಿಸಿಕೊಳ್ಳಿ.

ಮೊದಲನೆಯದು ಪುಸ್ತಕ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಕಡ್ಡಾಯ ನೋಂದಣಿಯ ಮಾತು ಬರುವುದು ತೆರಿಗೆ ಬೀಳುವ ಸರಕಿಗೆ ಮಾತ್ರ. ಆದ್ದರಿಂದ ಹಾಡಿನ ಪುಸ್ತಕ ಯಾವ ಗಡಿಯನ್ನಾದರೂ ದಾಟಬಹುದು. ಅಂಚೆ ಇಲಾಖೆ 2025ರ ಮೇ 1ರಿಂದ 'ಜ್ಞಾನ್ ಪೋಸ್ಟ್' ಎಂಬ ಸೇವೆ ಶುರು ಮಾಡಿದೆ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ ಪುಸ್ತಕಗಳನ್ನು 300 ಗ್ರಾಂಗೆ 20 ರೂಪಾಯಿಯಿಂದ 5 ಕಿಲೋಗೆ 100 ರೂಪಾಯಿವರೆಗಿನ ದರದಲ್ಲಿ (ತೆರಿಗೆ ಬೇರೆ) ಕಳಿಸಬಹುದು. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ಜಾಹೀರಾತು ತುಂಬಿರಬಾರದು. ಅಂಗಿಗಿಂತ ಲಾಭ ಕಡಿಮೆಯಾದರೂ ನಮ್ಮಂತಹ ಊರುಗಳಿಗೆ ಪುಸ್ತಕವೇ ಮೊದಲ ಸರಕಾಗಬೇಕು ಎಂಬುದು ನಮ್ಮ ಅಭಿಪ್ರಾಯ.

ಎರಡನೆಯದು ಕೈಮಗ್ಗ. ಹೆಚ್ಚಿನ ಪಾಲು ಕೈಯಿಂದಲೇ ತಯಾರಾದ ಕರಕುಶಲ ವಸ್ತುಗಳನ್ನು ಬೇರೆ ರಾಜ್ಯಕ್ಕೆ ಮಾರುವ ಸಣ್ಣವರಿಗೆ ನೋಂದಣಿಯಿಂದ ವಿನಾಯಿತಿ ಇದೆ. ಆ ಪಟ್ಟಿಯಲ್ಲಿ ಕೈಮಗ್ಗದ ಬಟ್ಟೆ, ಕೈಯಚ್ಚಿನ ಬಟ್ಟೆ, ಬಿದಿರು, ಮರದ ಕೆತ್ತನೆ ಮೊದಲಾದವು ಸೇರಿವೆ. ಪ್ಯಾನ್ ಇರಬೇಕು, ಸರಕಿನೊಂದಿಗೆ ಇ-ವೇ ಬಿಲ್ ಮಾಡಬೇಕು. ಯಂತ್ರದಲ್ಲಿ ಹೆಣೆದ ಟೀ ಶರ್ಟಿನ ಮೇಲೆ ಕೈಯಿಂದ ಅಚ್ಚು ಹಾಕಿದರೆ ಅದೂ ಕರಕುಶಲ ಎಂದು ನೀವೇ ತೀರ್ಮಾನ ಮಾಡಬೇಡಿ. ಆದರೆ ಕೈಮಗ್ಗದ ಬೈರಾಸು, ಶಾಲು, ಚೀಲ ಮಾಡಿಸಬಹುದಲ್ಲ? ನಮ್ಮ ಕಾಸರಗೋಡು ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ನೇಯುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ತಂಡದ ಹೆಸರು ಅಂಚಿನಲ್ಲಿರುವ ಬೈರಾಸು ಹಾಡುಗಾರರಿಗೂ ನೇಕಾರರಿಗೂ ಕೆಲಸ ಕೊಡುತ್ತದೆ. ನಮ್ಮ ಸೆಕೆಗೆ ಟೀ ಶರ್ಟಿಗಿಂತ ಅದೇ ಒಳ್ಳೆಯದು.

ಮೂರನೆಯದು, ಮಾರುವ ಕೆಲಸವನ್ನು ನೋಂದಣಿ ಇರುವ ಮುದ್ರಕರಿಗೇ ಬಿಡುವುದು. ವಿನ್ಯಾಸ ತಂಡದ್ದು, ಬಿಲ್ಲು ಹಾಕಿ ಮಾರಿ ಕಳಿಸುವುದು ಮುದ್ರಕರು, ಪ್ರತಿ ಅಂಗಿಗೆ ಇಂತಿಷ್ಟು ರಾಯಧನ ತಂಡಕ್ಕೆ. ರಾಯಧನ ಸೇವೆಯ ಲೆಕ್ಕದಲ್ಲಿ ಬರುವುದರಿಂದ 20 ಲಕ್ಷದ ವಿನಾಯಿತಿ ಸಿಗುತ್ತದೆ. ಪಾಲು ಕಡಿಮೆ ಬರುತ್ತದೆ, ಆದರೆ ಮಂಚದ ಅಡಿಯಲ್ಲಿ ಅಂಗಿ ಉಳಿಯುವುದಿಲ್ಲ. ಕರಾರನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಿ. ವಿನ್ಯಾಸದ ಹಕ್ಕು ತಂಡದ್ದೇ ಎಂಬ ಒಂದು ಸಾಲು ಅದರಲ್ಲಿ ಇರಲಿ.

ನಾಲ್ಕನೆಯದು, ತಮ್ಮ ತಮ್ಮ ರಾಜ್ಯದೊಳಗೇ ಮಾರುವುದು. ಕಾಸರಗೋಡಿನವರು ವಯನಾಡಿನ ಕನ್ನಡಿಗರಿಗೆ, ಹೊಸೂರಿನವರು ತಾಳವಾಡಿ, ನೀಲಗಿರಿಯವರಿಗೆ, ಸೊಲ್ಲಾಪುರದವರು ಅಕ್ಕಲಕೋಟೆ, ಜತ್ತಿನವರಿಗೆ, ಆದೋನಿಯವರು ರಾಯದುರ್ಗ, ಮಡಕಶಿರಾದವರಿಗೆ ನೋಂದಣಿ ಇಲ್ಲದೆ ಕಳಿಸಬಹುದು. 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಮಾರಾಟ ತಾಣಗಳಲ್ಲೂ, ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ಕಡ್ಡಾಯ ನೋಂದಣಿ ಇಲ್ಲ. ನಮ್ಮ ಸಂಘಗಳು ಇಷ್ಟು ವರ್ಷ ಬೆಂಗಳೂರಿನ ಕಡೆ ಮುಖ ಮಾಡಿ ನಿಂತಿವೆ. ಒಂದೇ ರಾಜ್ಯದೊಳಗಿನ ಎರಡು ಕನ್ನಡ ಊರುಗಳು ಒಂದನ್ನೊಂದು ನೋಡಿದ್ದು ಕಡಿಮೆ.

ಐದನೆಯದು ನೋಂದಣಿಯನ್ನೇ ಮಾಡಿಸುವುದು. ಇದಕ್ಕೆ ಸರಕಾರಿ ಶುಲ್ಕ ಇಲ್ಲ. 2025ರ ನವೆಂಬರ್ 1ರಿಂದ ಸಣ್ಣ ವಹಿವಾಟಿನವರಿಗೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಕೊಡುವ ಸರಳ ವ್ಯವಸ್ಥೆಯೂ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ತೆರಿಗೆ ಶೇ. 5 ಮಾತ್ರ. ತೊಂದರೆ ಇರುವುದು ತೆರಿಗೆಯಲ್ಲಲ್ಲ, ಕಾಗದಪತ್ರದಲ್ಲಿ. ಏನೂ ಮಾರಾಟ ಇಲ್ಲದ ಅವಧಿಗೂ ರಿಟರ್ನ್ ಸಲ್ಲಿಸಬೇಕು, ತಡವಾದರೆ ದಿನದ ಲೆಕ್ಕದಲ್ಲಿ ಶುಲ್ಕ ಬೀಳುತ್ತದೆ. ವರ್ಷಕ್ಕೆ ಹತ್ತು ಸಾವಿರ ಉಳಿಸುವ ತಂಡಕ್ಕೆ ಲೆಕ್ಕ ಬರೆಯುವವರ ಸಂಬಳವೇ ಭಾರ. ಇಲ್ಲಿ ನಮ್ಮಂತಹ ನಿವೃತ್ತರು ಕೆಲಸಕ್ಕೆ ಬರಬಹುದು.

ಯಾರ ಸಾಲು, ಯಾರ ಹಕ್ಕು

ಅಂಗಿಯ ಮೇಲೆ ಕವಿಗಳ ಸಾಲು ಹಾಕುವ ಆಸೆ ಹುಡುಗರಿಗೆ ಇರುತ್ತದೆ. ಇದಕ್ಕೂ ಕಾನೂನು ಇದೆ. ಕವಿಯ ಜೀವಿತಾವಧಿಯಲ್ಲಿ ಪ್ರಕಟವಾದ ಕೃತಿಯ ಹಕ್ಕು, ಅವರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಕ್ಕು 2041ರ ಕೊನೆಯವರೆಗೆ. ಕುವೆಂಪು 1994, ಹಕ್ಕು 2054ರವರೆಗೆ. ನಮ್ಮವರೇ ಆದ ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ, ಹಕ್ಕು 2075ರವರೆಗೆ. ಇವರ ಸಾಲು ಬೇಕಾದರೆ ಹಕ್ಕುದಾರರ ಒಪ್ಪಿಗೆ ಬೇಕು. ನಮ್ಮವರು ತಾನೇ ಎಂಬ ಸಲಿಗೆ ನಡೆಯುವುದಿಲ್ಲ. ಸಿನಿಮಾ ಹಾಡಿನ ಸಾಲುಗಳ ತಂಟೆಗಂತೂ ಹೋಗಬಾರದು.

ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕವನಗಳ ಹಕ್ಕಿನ ಅವಧಿ 2023ರ ಕೊನೆಗೆ ಮುಗಿದು, 2024ರ ಜನವರಿ 1ರಿಂದ ಅವು ಎಲ್ಲರ ಸೊತ್ತಾಗಿವೆ. ಇದನ್ನು ನಮ್ಮ ಸಂಘಗಳಲ್ಲಿ ಎಷ್ಟು ಜನ ಗಮನಿಸಿದ್ದೇವೋ ಗೊತ್ತಿಲ್ಲ. ಈಗ ಅವಕ್ಕೆ ರಾಗ ಹಾಕಿ ಹಾಡಬಹುದು, ಪುಸ್ತಕ ಮಾಡಬಹುದು, ಬೈರಾಸಿನ ಅಂಚಿನಲ್ಲಿ ನೇಯಬಹುದು. ದಾಸರ ಪದ, ವಚನ, ಶಿಶುನಾಳ ಶರೀಫರ ಹಾಡುಗಳಿಗೂ ಅಡ್ಡಿಯಿಲ್ಲ. ಶರೀಫರನ್ನು ಗಿಟಾರು ಹಿಡಿದು ಹಾಡಿ ರಘು ದೀಕ್ಷಿತರು ದೇಶವಿದೇಶ ಸುತ್ತಿದ್ದನ್ನು ನೋಡಿದ್ದೇವೆ. ಗೋವಿಂದ ಪೈಗಳಿಗೂ ಅಂಥ ಹಾಡುಗಾರರು ನಮ್ಮೂರಿನಿಂದಲೇ ಬರಲಿ.

ಸಂಘ ಮಾಡಬೇಕಾದದ್ದು

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಾಲ್ಕು ವಿಷಯಗಳನ್ನು ಮಂಡಿಸಲಿದ್ದೇವೆ. ಬೇರೆ ಊರುಗಳ ಸಂಘಗಳೂ ಚರ್ಚೆ ಮಾಡಬೇಕೆಂದು ಕೋರುತ್ತೇವೆ.

ಒಂದು: ಸಂಘದ ಯಾವುದೇ ಕಾರ್ಯಕ್ರಮದಲ್ಲಿ ಹಾಡುವ, ಆಡುವ, ನುಡಿಸುವ ಪ್ರತಿ ತಂಡಕ್ಕೂ ಬಾಗಿಲ ಬಳಿ ಒಂದು ಮೇಜು, ಎರಡು ಕುರ್ಚಿ, ಒಂದು ದೀಪ ಕೊಡಬೇಕು. ಅದಕ್ಕೆ ಬಾಡಿಗೆ ಇಲ್ಲ, ಮಾರಾಟದಲ್ಲಿ ಪಾಲೂ ಇಲ್ಲ. ನಿರೂಪಕರು ಕಾರ್ಯಕ್ರಮದ ನಡುವೆ ಒಮ್ಮೆ ಆ ಮೇಜಿನ ವಿಷಯ ಹೇಳಬೇಕು.

ಎರಡು: ಅತಿಥಿಗಳಿಗೆ ಕೊಡುವ ನೆನಪಿನ ಕಾಣಿಕೆಗಳನ್ನು ಪೇಟೆಯಿಂದ ತರುವುದನ್ನು ನಿಲ್ಲಿಸಿ, ಅದೇ ಹಣಕ್ಕೆ ತಂಡಗಳಿಂದಲೇ ಪುಸ್ತಕ, ಬೈರಾಸು ಕೊಂಡು ಕೊಡಬೇಕು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಫಲಕಗಳು ನಮ್ಮೆಲ್ಲರ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿವೆ. ಖರ್ಚು ಒಂದು ರೂಪಾಯಿಯೂ ಹೆಚ್ಚುವುದಿಲ್ಲ, ಹಣ ಹೋಗುವ ಜಾಗ ಬದಲಾಗುತ್ತದೆ.

ಮೂರು: ಪ್ರತಿ ಊರಿನಲ್ಲೂ ಬ್ಯಾಂಕು, ಶಾಲೆ, ಸಹಕಾರಿ ಸಂಘ, ಸರಕಾರಿ ಕಚೇರಿಗಳಿಂದ ನಿವೃತ್ತರಾದ ಕನ್ನಡಿಗರಿದ್ದೇವೆ. ಒಬ್ಬೊಬ್ಬರು ಒಂದೊಂದು ತಂಡದ ಲೆಕ್ಕ ನೋಡಿಕೊಳ್ಳಲಿ. ಹಾಡಲು ನಮಗೆ ಬರುವುದಿಲ್ಲ, ರಿಟರ್ನ್ ತುಂಬಲು ಕಲಿಯಬಹುದು. ಈ ತಂಡದ್ದನ್ನು ನಾವು ವಹಿಸಿಕೊಂಡಿದ್ದೇವೆ.

ನಾಲ್ಕು: ಜಿಎಸ್‌ಟಿ ಮಂಡಳಿಗೆ ಮನವಿ. ಸೇವೆಗೆ 20 ಲಕ್ಷದವರೆಗೆ ಅಂತರರಾಜ್ಯ ವಿನಾಯಿತಿ ಇದೆ, ಕರಕುಶಲ ವಸ್ತುಗಳಿಗೂ ಇದೆ. ತಾವೇ ಕಟ್ಟಿದ ಹಾಡಿನ ಜೊತೆ ತಮ್ಮದೇ ವಿನ್ಯಾಸದ ವಸ್ತು ಮಾರುವ ಸಣ್ಣ ಕಲಾವಿದರಿಗೆ ಅದನ್ನು ವಿಸ್ತರಿಸಬೇಕು ಎಂಬುದಷ್ಟೇ ನಮ್ಮ ಕೋರಿಕೆ. ಇದರಿಂದ ಖಜಾನೆಗೆ ಆಗುವ ನಷ್ಟ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಮಂಡಳಿಯಲ್ಲಿ ಎಲ್ಲ ರಾಜ್ಯಗಳ ಮಂತ್ರಿಗಳೂ ಇರುವುದರಿಂದ ನಾವು ಕೇರಳದವರಿಗೆ, ನೀವು ತಮಿಳುನಾಡು, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಗೋವಾದವರಿಗೆ, ಒಂದೇ ಒಕ್ಕಣೆಯ ಮನವಿ ಕೊಡೋಣ. ಕರ್ನಾಟಕದ ಮಂತ್ರಿಗಳಿಗೂ ಒಂದು ಪ್ರತಿ ಹೋಗಲಿ. ಇದು ಕನ್ನಡಿಗರ ವಿಷಯ ಮಾತ್ರ ಅಲ್ಲ. ಕರ್ನಾಟಕದೊಳಗಿನ ಮರಾಠಿ, ತೆಲುಗು, ಮಲಯಾಳ ಹಾಡುಗಾರರಿಗೂ ಇದೇ ಗೆರೆ ಅಡ್ಡ ನಿಂತಿದೆ. ಅವರ ಸಂಘಗಳನ್ನೂ ಜೊತೆಗೆ ಕರೆಯಬಹುದು. ಮನವಿಯ ಕರಡನ್ನು ಸಮಿತಿ ಒಪ್ಪಿದ ಕೂಡಲೇ ಇದೇ ಪುಟದಲ್ಲಿ ಹಾಕುತ್ತೇವೆ.

ಗಡಿನಾಡಿನಲ್ಲಿ ಕನ್ನಡ ಉಳಿಯಬೇಕು ಎಂದು ಪ್ರತಿ ವೇದಿಕೆಯಲ್ಲೂ ಹೇಳುತ್ತೇವೆ. ಕನ್ನಡದಲ್ಲಿ ಹೊಸ ಹಾಡು ಕಟ್ಟುವ ಇಪ್ಪತ್ತೆರಡರ ಮಕ್ಕಳು ಇಲ್ಲಿ ಬಸ್ಸಿನ ಖರ್ಚೂ ಹುಟ್ಟದೆ ಬೆಂಗಳೂರಿಗೆ ಹೋದರೆ, ಅಥವಾ ಹಾಡುವುದನ್ನೇ ಬಿಟ್ಟರೆ, ಉಳಿಸಬೇಕಾದ ಕನ್ನಡವನ್ನು ಇಲ್ಲಿ ಹಾಡುವವರು ಯಾರು? ಅವರು ನಮ್ಮಲ್ಲಿ ಅನುದಾನ ಕೇಳಲಿಲ್ಲ, ಪ್ರಶಸ್ತಿ ಕೇಳಲಿಲ್ಲ. ಮೂರಡಿ ಜಾಗ ಕೇಳಿದರು, ಅದನ್ನು ನಾವು ಕೊಡಲಿಲ್ಲ.

ಆ ತಂಡದ ಐವರನ್ನೂ ಕಳೆದ ವಾರ ಕಚೇರಿಗೆ ಕರೆದು, ಅಂದು ಮೇಜು ತೆಗೆಸಿದ್ದು ತಪ್ಪಾಯಿತು ಎಂದು ಹೇಳಿದ್ದೇವೆ. ಚಹಾ ಕುಡಿದು, ಉಳಿದ 70 ಪುಸ್ತಕಗಳಲ್ಲಿ 25ನ್ನು ಸಂಘಕ್ಕೆ ಪೂರ್ಣ ಬೆಲೆಗೆ ಕೊಂಡೆವು. 1,500 ರೂಪಾಯಿ, ಚೀಟಿ ಸಂಖ್ಯೆಯೊಂದಿಗೆ ಖರ್ಚಿಗೆ ಬರೆದಿದೆ. ಅವನ್ನು ಮುಂದಿನ ಕಾರ್ಯಕ್ರಮದ ಅತಿಥಿಗಳಿಗೆ ಕೊಡುತ್ತೇವೆ. ಅಂದು ಬಾಗಿಲ ಬಲಗಡೆಯ ಮೇಜು ಅವರದ್ದು. ಬರುವಾಗ ಸದಸ್ಯರು ಸ್ವಲ್ಪ ಚಿಲ್ಲರೆ ತರಬೇಕಾಗಿ ವಿನಂತಿ.

ನಿಮ್ಮ ಊರಿನ ತಂಡಗಳ ಅನುಭವ, ಲೆಕ್ಕ, ತಕರಾರು ಏನಿದ್ದರೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ